ರನ್ ಆನ್ ಸೆಂಟೆನ್ಸ್ ಜೊತೆ ನನ್ನ ಗುದ್ದಾಟ

ಸಪೋರ್ಟ್ ಟೀಮಲ್ಲಿ ಕೆಲಸ, ದಿನಾ ಕಸ್ಟಮರ್‌ಗೆ ಇಂಗ್ಲಿಷಲ್ಲಿ ಮೇಲ್ ಬರೀಬೇಕು. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆದ್ರೂ ಗ್ರಾಮರ್ ಪರವಾಗಿಲ್ಲ ಅನ್ಕೊಂಡಿದ್ದೆ. ಒಂದಿನ ಹೀಗೆ ಕಳಿಸ್ದೆ: "ದ ಬ್ಯಾಕಪ್ ಫೇಲ್ಡ್ ಆಫ್ಟರ್ ದಿ ಅಪ್‌ಡೇಟ್ ವಿ ರೀಸ್ಟಾರ್ಟೆಡ್ ದ ಸರ್ವರ್." ನಾನು ಹೇಳಕ್ಕೆ ಹೊರಟಿದ್ದು ಬ್ಯಾಕಪ್ ಫೇಲಾಯ್ತು, ಅಪ್‌ಡೇಟ್ ಆದ್ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿದ್ವಿ ಅಂತ. ಅವ್ರು ಓದ್ಕೊಂಡಿದ್ದು ಅಪ್‌ಡೇಟ್ ಆದ್ಮೇಲೆ ಬ್ಯಾಕಪ್ ಫೇಲಾಯ್ತು ಅಂತ, ಅಂದ್ರೆ ತಪ್ಪೆಲ್ಲ ನಮ್ಮ ಅಪ್‌ಡೇಟ್‌ದು! ಸಂಜೆವರೆಗೂ ಕಾಲ್ ಮೇಲೆ ಕಾಲ್. "ಫೇಲ್ಡ್" ಆದ್ಮೇಲೆ ಒಂದು ಫುಲ್‌ಸ್ಟಾಪ್ ಇಟ್ಟಿದ್ರೆ ಮುಗೀತಿತ್ತು.

ಇಂಥ ವಾಕ್ಯಕ್ಕೇ ಇಂಗ್ಲಿಷಲ್ಲಿ ರನ್ ಆನ್ ಅನ್ನೋದು. ಉದ್ದ ಇದ್ರೆ ರನ್ ಆನ್ ಅಂತ ಅನ್ಕೊಂಡಿದ್ದೆ, ಹಂಗಲ್ಲ. "ಇಟ್ ರೇನ್ಡ್ ವಿ ಲೆಫ್ಟ್" ನಾಲ್ಕೇ ಪದ, ಅದೂ ರನ್ ಆನ್ನೇ, ಎರಡು ಪೂರ್ತಿ ವಾಕ್ಯ ಮಧ್ಯೆ ಏನೂ ಇಲ್ದೆ ಅಂಟ್ಕೊಂಡಿವೆ. ಬರೀ ಕಾಮಾ ಹಾಕಿದ್ರೂ ತಪ್ಪೇ, ಅದಕ್ಕೆ ಕಾಮಾ ಸ್ಪ್ಲೈಸ್ ಅಂತಾರೆ. ನಮ್ಗೆ ಇದು ಯಾಕೆ ಕಣ್ಣಿಗೆ ಬೀಳಲ್ಲ ಅಂದ್ರೆ ಕನ್ನಡದಲ್ಲಿ "ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹಿಡ್ಕೊಂಡು ಆಫೀಸಿಗೆ ಹೋದೆ" ಅಂತ ಎಷ್ಟು ಬೇಕಾದ್ರೂ ಎಳೀಬಹುದು, ಮುಗಿಸೋ ಕ್ರಿಯಾಪದ "ಹೋದೆ" ಒಂದೇ, ಮಿಕ್ಕಿದ್ದೆಲ್ಲ ಹೈಸ್ಕೂಲಲ್ಲಿ ಉರು ಹೊಡೆದ ಕೃದಂತಾವ್ಯಯ, ಅಂದ್ರೆ ವಾಕ್ಯ ಮುಗಿಸದ ರೂಪ. ಅದನ್ನೇ "ಐ ಗಾಟ್ ಅಪ್, ಐ ಹ್ಯಾಡ್ ಬ್ರೇಕ್‌ಫಾಸ್ಟ್" ಅಂದ್ರೆ ಒಂದೊಂದೂ ತನ್ನ ಕಾಲ ಮೇಲೆ ನಿಲ್ಲೋ ವಾಕ್ಯ ಆಗ್ಬಿಡುತ್ತೆ.

ಈಗ ಕಳಿಸೋ ಮುಂಚೆ ಡೌಟ್ ಇದ್ದ ಕಡೆ "ಅಲ್ವಾ" ಸೇರ್ಸಿ ನೋಡ್ತೀನಿ. ದ ಬ್ಯಾಕಪ್ ಫೇಲ್ಡ್, ಡಿಡಂಟ್ ಇಟ್? ವಿ ರೀಸ್ಟಾರ್ಟೆಡ್ ದ ಸರ್ವರ್, ಡಿಡಂಟ್ ವಿ? ಎರಡು ಸಲ ಕೇಳಕ್ಕಾಯ್ತು ಅಂದ್ರೆ ಒಳಗೆ ಎರಡು ವಾಕ್ಯ ಇದೆ. ಮಧ್ಯೆ ಫುಲ್‌ಸ್ಟಾಪ್, ಇಲ್ಲಾ ಕಾಮಾ ಜೊತೆ ಆಂಡ್, ಬಟ್, ಸೋ, ಇಲ್ಲಾ ಒಂದನ್ನ ಬಿಕಾಸ್ ಹಾಕಿ ಇನ್ನೊಂದಕ್ಕೆ ತಗುಲಿಸೋದು.

ನಂಗೆ ಜಾಸ್ತಿ ಕೈ ಕೊಟ್ಟಿದ್ದು "ಹೌವೆವರ್". ನೋಡಕ್ಕೆ ಬಟ್ ಥರಾನೇ, ಆದ್ರೆ ಎರಡು ವಾಕ್ಯ ಕಟ್ಟೋ ತಾಕತ್ತಿಲ್ಲ. "ವಿ, ಹೌವೆವರ್, ಫೌಂಡ್ ನಥಿಂಗ್" ಅಂತ ಅದನ್ನ ಮಧ್ಯಕ್ಕೂ ಎಳ್ಕೊಂಡು ಹೋಗ್ಬಹುದು, ಬಟ್‌ನ ಹಂಗೆ ಜರುಗಿಸಕ್ಕಾಗಲ್ಲ. ಹಂಗಾಗಿ ಎರಡು ವಾಕ್ಯದ ನಡುವೆ ಬಂದ್ರೆ ಅದಕ್ಕಿಂತ ಮುಂಚೆ ಫುಲ್‌ಸ್ಟಾಪೋ ಸೆಮಿಕೋಲನ್ನೋ (;) ಬೇಕೇ ಬೇಕು.

ಶುರುವಲ್ಲಿ ಭಯಕ್ಕೆ ಸಿಕ್ಕಸಿಕ್ಕಲ್ಲಿ ಕತ್ತರಿಸ್ತಿದ್ದೆ, "ಬಿಕಾಸ್ ದ ಡಿಸ್ಕ್ ವಾಸ್ ಫುಲ್" ಅನ್ನೋ ಅರ್ಧಂಬರ್ಧಕ್ಕೂ ಫುಲ್‌ಸ್ಟಾಪ್ ಇಟ್ಟು ಟೀಮ್ ಲೀಡ್ ಹತ್ರ ಬೈಸ್ಕೊಂಡೆ. ಸೆಮಿಕೋಲನ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ, ಫುಲ್‌ಸ್ಟಾಪಲ್ಲೇ ಕೆಲಸ ನಡೀತಿದೆ.