ಸರಗಳ್ಳತನದ ಕೇಸಿನಲ್ಲಿ ನಾನು ಸಾಕ್ಷಿ ಹೇಳಿದ್ದು

ಸರ ಕಿತ್ತುಕೊಂಡು ಹೋದ ಕೇಸಿನಲ್ಲಿ ನಾನೇ ಫಿರ್ಯಾದಿ, ಹಾಗಾಗಿ ಮೊದಲ ಸಾಕ್ಷಿಯೂ ನಾನೇ. ಕೋರ್ಟಿನಿಂದ ಸಮನ್ಸ್ ಬರುವಷ್ಟರಲ್ಲಿ ಅರ್ಧ ಮರೆತೇಹೋಗಿತ್ತು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಅದನ್ನು ಬೀರುವಿನಲ್ಲಿ ಇಟ್ಟಿದ್ದು ಈಗ ಕೆಲಸಕ್ಕೆ ಬಂತು.

ದೂರನ್ನು ಓದಿಕೊಂಡೆ, ಬಾಯಿಪಾಠ ಮಾಡಲಿಲ್ಲ. ಒಂದು ಹಾಳೆಯಲ್ಲಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆದೆ. ಬೈಕಿನಲ್ಲಿ ಇಬ್ಬರಿದ್ದರು, ಹಿಂದೆ ಕೂತವನು ಕೈ ಹಾಕಿದ, ಅವನ ಮುಖ ನೋಡಿದ್ದೆ. ಬೈಕಿನ ನಂಬರ್ ಹೇಳಿದ್ದು ಎದುರು ಮನೆಯವರು. ಕಳ್ಳರ ಹೆಸರು ತಿಳಿದದ್ದು ಪೊಲೀಸರಿಂದ. ಇವನ್ನು ಬೇರೆಯಾಗಿ ಬರೆದೆ. ನೆಂಟರಿಗೆಲ್ಲ ಕಥೆ ಹೇಳೀ ಹೇಳೀ ಎಲ್ಲವನ್ನೂ ನಾನೇ ನೋಡಿದ ಹಾಗೆ ಆಗಿಬಿಟ್ಟಿರುತ್ತದೆ, ಅಲ್ವಾ? ಪಾಟಿ ಸವಾಲಿನಲ್ಲಿ, ಅಂದರೆ ಆರೋಪಿ ಕಡೆಯ ವಕೀಲರು ಪ್ರಶ್ನೆ ಕೇಳುವಾಗ, ಅವರು ಹಿಡಿಯುವುದೇ ಅಲ್ಲಿ.

ಪೊಲೀಸರಿಗೆ ಸಿಕ್ಕ ಸರವನ್ನು ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡಿದ್ದೆ. ಕೇಳಿದಾಗ ಹಾಜರುಪಡಿಸಬೇಕು ಎಂಬ ಷರತ್ತಿತ್ತು. ಕರಗಿಸಿ ಬಳೆ ಮಾಡಿಸು ಅಂತ ಅತ್ತೆ ಹೇಳುತ್ತಲೇ ಇದ್ದರು. ಸದ್ಯ, ಮಾಡಿಸಿರಲಿಲ್ಲ.

ಕೇಸು ಮುಂದಕ್ಕೆ ಹೋಗುವುದು ಮಾಮೂಲು. ಇ-ಕೋರ್ಟ್ಸ್ ಆಪ್‌ನಲ್ಲಿ ಆ ಕೇಸಿಗೇ ಅಂತ ಕೊಟ್ಟಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ.

ಅವತ್ತು ಬೇಗ ಹೋಗಿ ಸರ್ಕಾರಿ ವಕೀಲರನ್ನು ಕಂಡೆ. ದೂರಿನ ಮೇಲಿನ ಸಹಿ ನನ್ನದೇ ಅಂತ ನೋಡಿಕೊಳ್ಳಲು ಹೇಳಿದರು, ಅಷ್ಟೇ. ಹೊರಗೆ ಆರೋಪಿ ಕಡೆಯವರೊಬ್ಬರು ಬಂದು, "ಅಕ್ಕಾ, ಸರ ಸಿಕ್ತಲ್ಲ, ಗುರುತು ಸಿಗ್ತಿಲ್ಲ ಅಂದ್ಬಿಡಿ" ಎಂದರು. ನಾನು ಮಾತಾಡಲಿಲ್ಲ. ಒಳಗೆ ಹೋಗಿ ಸರ್ಕಾರಿ ವಕೀಲರಿಗೆ ತಿಳಿಸಿದೆ.

ಕಟಕಟೆಯಲ್ಲಿ ನಾವು ಹೇಳಿದ್ದನ್ನು ಜಡ್ಜ್ ಟೈಪ್ ಮಾಡಿಸುತ್ತಾರೆ. ಅದಕ್ಕೇ ಒಂದು ಮಾತು ಹೇಳಿ ನಿಲ್ಲಿಸುತ್ತಿದ್ದೆ. ಆಮೇಲೆ ಆರೋಪಿ ವಕೀಲರ ಸರದಿ.

"ಬೈಕ್ ನಂಬರ್ ನೋಡಿದ್ರಾ?"

"ಇಲ್ಲ ಸ್ವಾಮಿ, ಎದುರು ಮನೆಯವರು ಹೇಳಿದ್ದು."

"ನೀವು ಆರೋಪೀನ ನೋಡೇ ಇಲ್ಲ, ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ಹೇಳ್ತಿದೀರಿ ಅಂದ್ರೆ?"

"ಸರಿಯಲ್ಲ."

ಮೈ ಉರಿಯಿತು, ನಿಜ. ಆದರೆ ಅದು ಅವರು ಎಲ್ಲ ಸಾಕ್ಷಿಗಳಿಗೂ ಹಾಕುವ ಪ್ರಶ್ನೆ. ಅದಕ್ಕೆ ಜಾಸ್ತಿ ವಿವರಿಸಲು ಹೋಗಬಾರದು.

ಕೊನೆಗೆ ಹೇಳಿಕೆಯ ಪ್ರತಿ ಕೈಗೆ ಬಂತು. ಕೆಳಗೆ 'ಓ.ಹೇ.ಕೇ. ಸರಿಯಿದೆ' ಅಂತಿತ್ತು, ಅಂದರೆ ಓದಿ ಹೇಳಿ ಕೇಳಲಾಗಿ ಸರಿಯಿದೆ. ಸುಮ್ನೆ ಸಹಿ ಹಾಕದೆ ಓದಿದೆ. ಸಂಜೆ ಅಂದದ್ದು ಬೆಳಿಗ್ಗೆ ಅಂತ ಟೈಪ್ ಆಗಿತ್ತು. ಜಡ್ಜ್ ಗಮನಕ್ಕೆ ತಂದೆ, ತಕ್ಷಣ ತಿದ್ದಿಸಿದರು. ಬಸ್ ಚಾರ್ಜಿಗೆ ಸಾಕ್ಷಿ ಭತ್ಯೆ ಕೇಳಲು ಅವಕಾಶವಿದೆ. ಬೆಂಚ್ ಕ್ಲರ್ಕ್ ಹತ್ತಿರ ವಿಚಾರಿಸಿ.