ಅರಿಶಿನ: ಹಾಲಿಗೆ ಹೌದು, ಹೊಕ್ಕುಳಿಗೆ ಬೇಡ

ಆಳಂದದಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ತೊಗರಿ ರಾಶಿ ಶುರುವಾದರೆ ಸಾಕು, ಹೊಟ್ಟಿನ ದೂಳಿಗೆ ಗಂಟಲು ಕಟ್ಟಿದವರು ಕೆಮ್ಮಿನ ಔಷಧ ಕೇಳುತ್ತಾ ಬರುತ್ತಾರೆ. ಜ್ವರ, ಉಬ್ಬಸ ಇಲ್ಲದವರಿಗೆ ನಾನು ಮೊದಲು ಹೇಳುವುದು ಅರಿಶಿನದ ಹಾಲನ್ನೇ.

ಒಂದು ಲೋಟ ಹಾಲಿಗೆ ಕಾಲು ಚಮಚ ಅರಿಶಿನ, ಜಜ್ಜಿದ ನಾಲ್ಕು ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಕೆನೆ ತೆಗೆಯಬೇಡಿ. ಅರಿಶಿನದ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಅದಕ್ಕೆ ಜಿಡ್ಡು ಬೇಕು. ಕರುಳು ಹೀರುವುದೇ ಸ್ವಲ್ಪ, ಅದನ್ನೂ ದೇಹ ಬೇಗ ಹೊರಹಾಕುತ್ತದೆ. ಮೆಣಸಿನಲ್ಲಿರುವ ಪೈಪರಿನ್ ಇದಕ್ಕೆ ತಡೆ ಒಡ್ಡುತ್ತದೆ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ ಸುಮಾರು 20 ಪಟ್ಟು ಏರಿದ್ದನ್ನು ಬೆಂಗಳೂರಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಆದರೆ ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಎರಡರಿಂದ ಐದು ಭಾಗ ಮಾತ್ರ. ಈ ಹಾಲು ಗಂಟಲಿಗೆ ಹಿತ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆಯೇ ಆಗಬೇಕು. ಹಾಲು ಒಗ್ಗದವರು ತೊಗರಿ ಬೇಳೆಗೆ ಎಣ್ಣೆಯ ಒಗ್ಗರಣೆಯಲ್ಲಿ ಅರಿಶಿನ, ಮೆಣಸು ಹಾಕಿಕೊಳ್ಳಲಿ.

ಸಾಧ್ಯವಾದರೆ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿ. ಕಣ್ಣು ಕುಕ್ಕುವ ಹಳದಿ ಕೊಂಬನ್ನು ಮಾತ್ರ ಮುಟ್ಟಬೇಡಿ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬಳಿಯುವವರಿದ್ದಾರೆ, ಸೀಸ ಮಕ್ಕಳ ಮೆದುಳನ್ನೇ ಕೆಡಿಸುತ್ತದೆ. ಪುಡಿಯನ್ನು ಬೆಳಕು ತಾಗದ ಸ್ಟೀಲ್ ಡಬ್ಬಿಯಲ್ಲಿಡಿ.

ಇನ್ನು ಗಾಯದ ವಿಷಯ. ಕುಡುಗೋಲು ತಾಗಿದ ಬೆರಳಿಗೆ ಅರಿಶಿನ ಮೆತ್ತಿಕೊಂಡು ಬಂದವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅರಿಶಿನಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣವಿರುವುದು ನಿಜ, ಆದರೆ ಡಬ್ಬಿಯ ಪುಡಿ ಶುದ್ಧೀಕರಿಸಿದ್ದಲ್ಲ. ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ತೊಳೆದು, ಶುಭ್ರ ಬಟ್ಟೆ ಕಟ್ಟಿ, ಧನುರ್ವಾಯು ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ. ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ, ಬೇರೇನೂ ಹಚ್ಚಬೇಡಿ. ಬಾಣಂತಿ ಇರುವ ಮನೆಯವರಿಗೆ ಕೈಮುಗಿದು ಕೇಳುತ್ತೇನೆ: ಹಸುಗೂಸಿನ ಹೊಕ್ಕುಳಿಗೆ ಅರಿಶಿನ ಹಾಕಬೇಡಿ, ಅದು ಒಣಗಿ ತಾನೇ ಉದುರಲಿ.

ಕರ್ಕ್ಯುಮಿನ್ ಮಾತ್ರೆಗಳನ್ನು ನಾನಾಗಿ ಯಾರಿಗೂ ಕೊಡುವುದಿಲ್ಲ. ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದು ದಾಖಲಾಗಿದೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು. ಇವರಿಗೂ ಸಾರಿನಲ್ಲಿ ಬೀಳುವ ಚಿಟಿಕೆ ಅರಿಶಿನದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ.