ಒಪ್ಪಂದವೇನೋ ಆಯಿತು, ಮಾರುಕಟ್ಟೆ ಒಂದಾಯಿತೇ? ಪರೀಕ್ಷಿಸುವುದು ಹೀಗೆ

ಅಕ್ಕಪಕ್ಕದ ದೇಶಗಳು ಸೇರಿ ‘ಇನ್ನು ನಮ್ಮದು ಒಂದೇ ಮಾರುಕಟ್ಟೆ’ ಎಂದು ಸಹಿ ಹಾಕುತ್ತವೆ. ಸಹಿ ಬಿದ್ದ ಮಾತ್ರಕ್ಕೆ ಮಾರುಕಟ್ಟೆ ಒಂದಾಗುವುದಿಲ್ಲ. ಆಗಿದೆಯೋ ಇಲ್ಲವೋ ಎಂದು ನೋಡಲು ಅರ್ಥಶಾಸ್ತ್ರ ಓದಿರಬೇಕೆಂದೇನೂ ಇಲ್ಲ. ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಮೊದಲು, ಒಪ್ಪಂದ ಯಾವ ಮೆಟ್ಟಿಲಲ್ಲಿದೆ ನೋಡಿ. ಸದಸ್ಯ ದೇಶಗಳು ತಮ್ಮೊಳಗಿನ ಸುಂಕ ಮಾತ್ರ ತೆಗೆದಿದ್ದರೆ ಅದು ಮುಕ್ತ ವ್ಯಾಪಾರ ವಲಯ. ಹೊರಗಿನ ಸರಕಿಗೆ ಎಲ್ಲ ಸದಸ್ಯ ದೇಶಗಳೂ ಒಂದೇ ಸುಂಕ ಹಾಕಿದರೆ ಕಸ್ಟಮ್ಸ್ ಒಕ್ಕೂಟ. ಜನ, ಹಣ, ಸೇವೆಗಳೂ ಗಡಿ ದಾಟುವಂತಾದರೆ ಸಾಮಾನ್ಯ ಮಾರುಕಟ್ಟೆ. ಕೆನ್ಯಾ, ಉಗಾಂಡ ಮುಂತಾದ ದೇಶಗಳ ಪೂರ್ವ ಆಫ್ರಿಕಾ ಸಮುದಾಯ 2005ರಲ್ಲಿ ಎರಡನೇ ಮೆಟ್ಟಿಲು ಹತ್ತಿತು, 2010ರಲ್ಲಿ ಮೂರನೆಯದು. ಕಾಗದದ ಮೇಲೆ.

ನಂತರ ವಿನಾಯಿತಿ ಪಟ್ಟಿ ಹುಡುಕಿ. ಸಾರ್ಕ್ ದೇಶಗಳ ಸಾಫ್ಟಾ (ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ) ಒಪ್ಪಂದ 2006ರಲ್ಲಿ ಜಾರಿಗೆ ಬಂತು. ಆದರೆ ಪ್ರತಿ ದೇಶವೂ ಸುಂಕ ಇಳಿಸದ ‘ಸೂಕ್ಷ್ಮ ಸರಕು’ ಎಂದು ಉದ್ದದ ಪಟ್ಟಿ ಇಟ್ಟುಕೊಂಡಿತು. ರಾಜಕೀಯ ಜಗಳ ಬೇರೆ. ಆ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮ ತಮ್ಮೊಳಗಿನದು ಸುಮಾರು ಶೇ 5 ಮಾತ್ರ. ಯುರೋಪಿಯನ್ ಒಕ್ಕೂಟದಲ್ಲಿ ಅದು ಸುಮಾರು ಶೇ 60. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನಲ್ಲಿ ಐದನೇ ಒಂದು ಪಾಲಿಗಿಂತ ತುಸು ಜಾಸ್ತಿ. ಹಾಗಂತ ಆಸಿಯಾನ್ ಸೋತಿದೆ ಎನ್ನಬೇಡಿ. ಅಲ್ಲಿನ ಕಾರ್ಖಾನೆಗಳು ಪರಸ್ಪರ ಬಿಡಿಭಾಗ ಕಳಿಸಿಕೊಂಡು, ತಯಾರಾದ ಮಾಲನ್ನು ದೂರದ ದೇಶಗಳಿಗೆ ಮಾರುತ್ತವೆ.

ಮೂರನೆಯದೇ ನಿಜವಾದ ಪರೀಕ್ಷೆ. ಸುಂಕ ಹೋದ ಮೇಲೂ ಸರಕನ್ನು ತಡೆಯುತ್ತಿರುವುದೇನು? ಯುರೋಪಿನ ಆರು ದೇಶಗಳು ತಮ್ಮೊಳಗಿನ ಸುಂಕವನ್ನು 1968ರ ಜುಲೈಗೇ ಮುಗಿಸಿದ್ದವು. ಆದರೂ ಹತ್ತು ವರ್ಷದ ಮೇಲೂ ಫ್ರಾನ್ಸಿನ ಕಾಸಿಸ್ ಎಂಬ ಹಣ್ಣಿನ ಮದ್ಯವನ್ನು ಜರ್ಮನಿಯಲ್ಲಿ ಮಾರುವಂತಿರಲಿಲ್ಲ. ಕಾರಣ? ಅಂಥ ಮದ್ಯದಲ್ಲಿ ಕನಿಷ್ಠ ಶೇ 25 ಆಲ್ಕೋಹಾಲ್ ಇರಬೇಕೆಂದು ಜರ್ಮನಿಯ ನಿಯಮ. ಇದರಲ್ಲಿ ಇದ್ದದ್ದು 15ರಿಂದ 20. ಕಡಿಮೆ ಅಮಲಿನದ್ದು ಸಿಕ್ಕರೆ ಜನ ಕುಡಿತಕ್ಕೆ ಬೇಗ ಬೀಳುತ್ತಾರೆ ಎಂಬ ವಾದವನ್ನೂ ಜರ್ಮನಿ ಮುಂದಿಟ್ಟಿತು! 1979ರಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒಂದು ದೇಶದಲ್ಲಿ ಕಾನೂನಿನಂತೆ ತಯಾರಾಗಿ ಮಾರಾಟವಾಗುವುದನ್ನು, ಆರೋಗ್ಯದಂಥ ಗಟ್ಟಿ ಕಾರಣವಿಲ್ಲದೆ ಇನ್ನೊಂದು ದೇಶ ತಡೆಯುವಂತಿಲ್ಲ ಎಂದಿತು. ಆಮೇಲೂ ನಿಯಮಗಳನ್ನು ಹೊಂದಿಸಲು ವರ್ಷಗಳೇ ಹಿಡಿದವು. ಎಲ್ಲ ದೇಶಗಳೂ ಒಪ್ಪಲೇಬೇಕೆಂಬ ಪಟ್ಟನ್ನು ಬಹುತೇಕ ವಿಷಯಗಳಲ್ಲಿ ಬಿಟ್ಟು, ಬಹುಮತಕ್ಕೆ ಬಂದ ಮೇಲೆಯೇ ಕೆಲಸ ಸಾಗಿದ್ದು. ಏಕ ಮಾರುಕಟ್ಟೆ ಜಾರಿಯಾದದ್ದು 1993ರ ಜನವರಿ 1ರಂದು. ಸುಂಕ ತೆಗೆಯುವುದು ಸುಲಭದ ಭಾಗ ಅನ್ನುವುದು ಇದಕ್ಕೇ.

ಗಡಿಯಲ್ಲಿ ಲಾರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದೂ ನೋಡಿ. ಕೆನ್ಯಾ–ಉಗಾಂಡ ಗಡಿಯ ಬುಸಿಯಾದಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಡೆ ಕೂತು ಕಾಗದ ನೋಡುತ್ತಾರೆ. ಚಾಲಕ ಎರಡೆರಡು ಸಲ ಸಾಲು ನಿಲ್ಲಬೇಕಿಲ್ಲ. ಸಣ್ಣ ಬದಲಾವಣೆ, ಆದರೆ ಭಾಷಣಗಳಿಗಿಂತ ಇದರಿಂದ ಉಪಯೋಗ ಜಾಸ್ತಿ.

ವ್ಯಾಪಾರ ಹೆಚ್ಚಿತೆಂದು ಸುಮ್ನೆ ಖುಷಿಪಡಬೇಡಿ. ಹೊರಗಿನ ದೇಶದ ಅಗ್ಗದ ಸರಕನ್ನು ಸುಂಕ ದೂರವಿಟ್ಟು, ಒಳಗಿನವರ ದುಬಾರಿ ಸರಕನ್ನು ಕೊಳ್ಳುವಂತೆ ಮಾಡಿರಬಹುದು. ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಅದು ಹೊಸ ವ್ಯಾಪಾರವಲ್ಲ, ದಿಕ್ಕು ತಪ್ಪಿದ ವ್ಯಾಪಾರ.

ಸೇವೆಗಳ ಕಥೆ ಎಲ್ಲ ಕಡೆಯೂ ಮಂದ. ನರ್ಸ್, ಎಂಜಿನಿಯರ್‌ಗಳ ಅರ್ಹತೆಯನ್ನು ಪರಸ್ಪರ ಒಪ್ಪಲು ಆಸಿಯಾನ್ ಒಪ್ಪಂದ ಮಾಡಿಕೊಂಡಿದೆ. ಆದರೂ ಕೆಲಸಕ್ಕೆ ಹೋದ ದೇಶದ ಲೈಸೆನ್ಸ್ ಬೇಕೇ ಬೇಕು.

ಕೊನೆಗೆ ಕೇಳಬೇಕಾದ್ದು: ಒಂದು ದೇಶ ನಿಯಮ ಮುರಿದರೆ ವ್ಯಾಪಾರಿ ಯಾರ ಬಾಗಿಲು ತಟ್ಟಬೇಕು? ಆಸಿಯಾನ್‌ನಲ್ಲಿ ತೀರ್ಪು ಬೇಕೆಂದರೆ ಅವನ ಪರವಾಗಿ ಅವನ ಸರ್ಕಾರವೇ ದೂರು ಕೊಡಬೇಕು. ಪಕ್ಕದ ದೇಶದ ಮುಲಾಜು ನೋಡುವ ಸರ್ಕಾರ ಒಂದು ಬಾಟಲಿಗಾಗಿ ಜಗಳಕ್ಕೆ ನಿಲ್ಲುವುದುಂಟೇ? ಕಾಸಿಸ್ ವಿಷಯದಲ್ಲಿ ಕೋರ್ಟ್ ಮೆಟ್ಟಿಲೇರಿದ್ದು ಫ್ರಾನ್ಸ್ ಸರ್ಕಾರವಲ್ಲ, ಅದನ್ನು ತರಿಸಿಕೊಳ್ಳಲು ಹೊರಟಿದ್ದ ಜರ್ಮನಿಯದೇ ಒಂದು ಕಂಪನಿ.